ಆಕಾಶದಲ್ಲಿ ಹಾಕಿದ ಪ್ರದಕ್ಷಿಣೆ

ನಮ್ಮ ಕುಟುಂಬದಲ್ಲಿ ಆ ಹಾರಾಟದ ಕತೆ ಈಗ ಹೀಗೆ ನಿಂತಿದೆ: ಭಾವ ತಮ್ಮ ಪುಟ್ಟ ವಿಮಾನದಲ್ಲಿ ಮೈಸೂರಿನಿಂದ ಬಂದರು, ಬೆಳ್ಳಾರೆಯ ಹೊಸ ಮನೆಯ ಮೇಲೆ ಮೂರು ಸುತ್ತು ಹಾಕಿದರು, ಅಲ್ಲಿಂದ ಸುಬ್ರಹ್ಮಣ್ಯಕ್ಕೆ ಹೋಗಿ ಆಕಾಶದಲ್ಲೇ ದೇವರಿಗೆ ಪ್ರದಕ್ಷಿಣೆ ಬಂದರು, ಅಷ್ಟರಲ್ಲಿ ಮಳೆ ಹಿಡಿಯಿತು, ವಿಮಾನದಲ್ಲಿದ್ದ ಗಣಪತಿ ಕಾಪಾಡಿದ, ಮಂಗಳೂರಿನಲ್ಲಿ ಸುಖವಾಗಿ ಇಳಿದರು. ಕತೆಯಲ್ಲಿ ನಾನೂ ಇದ್ದೇನೆ. ಹಿಂದಿನ ಸೀಟಿನಲ್ಲಿ ಕುಳಿತು ವಾಂತಿ ಮಾಡಿದವಳು.

ವಾಂತಿ ಮಾಡಿದ್ದು ನಿಜ. ಉಳಿದದ್ದರಲ್ಲಿ ಎಷ್ಟು ನಿಜ ಎಂದು ಬರೆಯಲು ಹೊರಟರೆ ನನಗೆ ಮೊದಲು ನನ್ನ ಮೇಲೆಯೇ ಅನುಮಾನ ಬರುತ್ತದೆ. ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಹೇಗೆ ಒರೆಗೆ ಹಚ್ಚಬೇಕೆಂದು ಕಲಿತವಳು ನಾನು. ಅದನ್ನು ಮನೆಯವರಿಗೂ ಹೇಳಿ ಹೇಳಿ ಬೇಸರ ಹುಟ್ಟಿಸಿದ್ದೇನೆ. ನಾವು ಆಡಿದ್ದು ತುಳುವಿನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ. ಅಲ್ಲೇ ಒಂದಿಷ್ಟು ಬದಲಾಗಿರುತ್ತದೆ. ಆದರೂ ಆ ದಿನದ ಬಗ್ಗೆ ಒಂದು ಸಂಗತಿಯಲ್ಲಿ ನನಗೆ ಸಂಶಯವಿಲ್ಲ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಜಲ್ಲಿ, ಸಿಮೆಂಟು, ಅಡಿಕೆ ಎಲ್ಲ ವ್ಯಾಪಾರವೂ ಕೈಹಿಡಿದ ಮೇಲೆ, ನಡುವಯಸ್ಸಿನಲ್ಲಿ ಅವರಿಗೆ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ಜೊತೆಗೆ ಅವರ ಸ್ನೇಹಿತರೊಬ್ಬರು. ಪುತ್ತೂರಿನ ಬ್ಯಾರಿ ಮುಸ್ಲಿಂ ಕುಟುಂಬದವರು, ಗಲ್ಫಿನಲ್ಲಿ ಬಹಳ ಕಾಲ ಇದ್ದು ಬಂದು ಟೈಲ್ಸ್ ಅಂಗಡಿ ಇಟ್ಟವರು. ಇಬ್ಬರೂ ಒಟ್ಟಿಗೆ ಮೈಸೂರಿಗೆ ಹೋಗಿ ಬಂದು ಕಲಿತರು, ಒಟ್ಟಿಗೆ ಲೈಸೆನ್ಸು ಪಡೆದರು, ಪಾಲಿನಲ್ಲಿ ನಾಲ್ಕು ಸೀಟಿನ ಒಂದು ಹಳೆಯ ವಿಮಾನ ಕೊಂಡರು. ಲೈಸೆನ್ಸು ಬಂದು ಒಂದು ಮಳೆಗಾಲವೂ ಕಳೆದಿರಲಿಲ್ಲ. ಗುರುಗಳು ಪಕ್ಕದಲ್ಲಿಲ್ಲದೆ ಅವರು ಘಟ್ಟ ದಾಟುವುದು ಅದೇ ಮೊದಲ ಸಲ ಎಂದು ನನಗೆ ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ಹತ್ತುತ್ತಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಬಹುಶಃ ಆಗಲೂ ಹತ್ತುತ್ತಿದ್ದೆ. ಮೇ ತಿಂಗಳ ಸೆಖೆಯಲ್ಲಿ ಬಸ್ಸಿನಲ್ಲಿ ಸಂಪಾಜೆ ಘಾಟಿ ಇಳಿಯುವುದು ಯಾರಿಗೆ ಬೇಕು?

ಬೇರೆ ಕೆಲಸಕ್ಕೆಂದು ಮೈಸೂರಿಗೆ ಹೋಗಿದ್ದವಳನ್ನು ಭಾವ ತಾವಾಗಿಯೇ ಫೋನು ಮಾಡಿ ಕರೆದರು. ಬೆಳಿಗ್ಗೆ ಬೇಗ ಹೊರಡುವುದೆಂದು ಮಾತಾಗಿತ್ತು. ಆದರೆ ವಿಮಾನಕ್ಕೆ ಪೂಜೆ ಆಗಬೇಕಿತ್ತು. ಭಟ್ಟರು ತಡವಾಗಿ ಬಂದರು. ಚಕ್ರಕ್ಕೆ ಲಿಂಬೆಹಣ್ಣು, ರೆಕ್ಕೆಗೆ ಹೂವಿನ ಮಾಲೆ, ಆಮೇಲೆ ಫೋಟೊ, ಆಮೇಲೆ ಎಲ್ಲರಿಗೂ ಲಾಡು. ಮುಗಿಯುವಾಗ ಬಿಸಿಲು ಚುರುಕಾಗಿತ್ತು, ಪಡುವಣ ಆಕಾಶದಲ್ಲಿ ಹತ್ತಿಯ ರಾಶಿಯಂತೆ ಮೋಡ ಏಳುತ್ತಿತ್ತು.

ಕೊನೆಗೆ ಭಾವ ತಮ್ಮ ಕಾರಿನಲ್ಲಿದ್ದ ಪುಟ್ಟ ಗಣಪತಿಯನ್ನು ತಂದರು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡುತ್ತಾರಲ್ಲ, ತಳದಲ್ಲಿ ಅಯಸ್ಕಾಂತ ಇರುವಂಥದ್ದು. ವಿಮಾನದ ಮುಂಭಾಗ ಕಬ್ಬಿಣದ್ದಲ್ಲ, ಹಾಗಾಗಿ ಅದು ಅಲ್ಲಿ ಹಿಡಿಯಲಿಲ್ಲ. ಎರಡು ಸಲ ಬಿತ್ತು. ಭಾವ ಗಮ್‌ಟೇಪು ತರಿಸಿ, ಗಾಜಿನ ನಡುವೆ ಇದ್ದ ದಿಕ್ಸೂಚಿಯ ಬುಡದಲ್ಲೇ ಅದನ್ನು ಗಟ್ಟಿಯಾಗಿ ಅಂಟಿಸಿ ಕೈಮುಗಿದರು. ನಾನೂ ನೋಡುತ್ತಿದ್ದೆ. ನನಗೆ ಏನೂ ಹೊಳೆಯಲಿಲ್ಲ. ಸ್ನೇಹಿತರೂ ನೋಡುತ್ತಿದ್ದರು.

"ಹೊರಡುವನಾ ಸಾಯ್ಬ್ರೆ? ಮೋಡ ಕಾಣ್ತದಲ್ಲ, ಎಂತ ಹೇಳ್ತೀರಿ?" ಎಂದರು ಭಾವ.

"ನಿಮ್ಮ ಲೆಕ್ಕ ಅಣ್ಣ. ನೀವು ಹೇಳಿದ ಹಾಗೆ."

"ಅಲ್ಲ, ನೀವು ಹೇಳಿ. ನಿಮಗೆ ಬೇಡ ಅಂತ ಕಂಡ್ರೆ ಬೇಡ."

"ನನಗೆ ಎಂತ ಬೇಡ? ಮನೆಯಲ್ಲಿ ಜನ ಕಾಯ್ತಾ ಇದ್ದಾರಲ್ಲ."

ಕಾಯುತ್ತಿದ್ದದ್ದು ಹೌದು. ಬೆಳ್ಳಾರೆಯಲ್ಲಿ ಭಾವ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ಹತ್ತಿರವಿತ್ತು. ನೆಂಟರೆಲ್ಲ ಆಗಲೇ ಸೇರಿದ್ದರು. ತಾರಸಿಗೆ ಹತ್ತಿ ನಿಲ್ಲಿ, ಮೇಲಿಂದ ಕೈಬೀಸುತ್ತೇವೆ ಎಂದು ಭಾವ ಊರಿಗೆಲ್ಲ ಹೇಳಿಯಾಗಿತ್ತು. ಹಾಗೆ ಒಬ್ಬರು ಇನ್ನೊಬ್ಬರ ಮರ್ಯಾದೆ ಕಾಯುತ್ತಾ ಇಬ್ಬರೂ ವಿಮಾನ ಹತ್ತಿದರು. ಬೇಡ ಎಂದು ಹೇಳುವ ಕೆಲಸವನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟಿದ್ದರು. ಆ ಸೌಜನ್ಯವನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಕೊಡಗಿನ ತನಕ ಚೆನ್ನಾಗಿಯೇ ಇತ್ತು. ಟ್ಯಾಬಿನಲ್ಲಿ ನಕ್ಷೆ ತೆರೆದಿಟ್ಟು ಅದರಲ್ಲಿ ಓಡುವ ಚುಕ್ಕೆಯನ್ನು ನೋಡಿಕೊಂಡು ಹಾರಿಸುತ್ತಿದ್ದರು. ಘಟ್ಟದ ಮೇಲೆ ಮೋಡಗಳ ನಡುವಿನ ಕಿಂಡಿಗಳಲ್ಲಿ ನುಸುಳಿ ಸುಳ್ಯದ ಮೇಲೆ ಇಳಿದೆವು. ವಿಮಾನ ಹೊಂಡ ಬಿದ್ದ ರಸ್ತೆಯಲ್ಲಿ ಹೋಗುವ ಜೀಪಿನ ಹಾಗೆ ಎಗರುತ್ತಿತ್ತು. ಅಷ್ಟರಲ್ಲಿ ಬಿಸಿಲಿಗೆ ಕಾದ ಟ್ಯಾಬು ತನ್ನಷ್ಟಕ್ಕೆ ಆರಿಹೋಯಿತು. "ಹೋಗ್ಲಿ, ನಮ್ಮ ಊರು, ನಮಗೆ ಗೊತ್ತಿಲ್ವಾ?" ಎಂದರು ಭಾವ. ಈ ಮಾತು ನನಗೆ ಚೆನ್ನಾಗಿ ನೆನಪಿದೆ. ಅಥವಾ ಅದು ಅವರು ಯಾವಾಗಲೂ ಆಡುವ ಮಾತಾದ್ದರಿಂದ ಅಲ್ಲೂ ಆಡಿರಬೇಕೆಂದು ನಾನೇ ಸೇರಿಸಿಕೊಂಡಿರಬಹುದು.

ಬೆಳ್ಳಾರೆಯ ಮನೆ ಸಿಕ್ಕಿತು. ತಾರಸಿಯ ಮೇಲೆ ಜನ ಕೈಬೀಸುತ್ತಿದ್ದರು. ಯಾರೋ ಕೆಂಪು ಸೀರೆ ಹಿಡಿದು ಆಡಿಸುತ್ತಿದ್ದರು. ಭಾವ ರೆಕ್ಕೆ ವಾಲಿಸಿ ಸುತ್ತತೊಡಗಿದರು. ಒಂದು ಸುತ್ತಿಗೆ ಫೋಟೊ ಸರಿ ಬರಲಿಲ್ಲ, ಇನ್ನೊಂದು. ಆಗ ನಾನು ಕೆಳಗಿನ ಅಂಗಳಗಳನ್ನು ನೋಡಿದೆ. ಆಚೀಚೆಯ ಮನೆಗಳ ಅಂಗಳದಲ್ಲಿ ಅಡಿಕೆ ಒಣಗಲು ಹರವಿದ್ದರು, ಮೇಲಿಂದ ಕಂದು ಹಳದಿ ಚೌಕಗಳಾಗಿ ಕಾಣುತ್ತಿದ್ದವು. ನೋಡುತ್ತಿದ್ದಂತೆ ಒಂದು ಚೌಕ ನೀಲಿಯಾಯಿತು. ಆಮೇಲೆ ಅದರಾಚೆಯದು. ಆಮೇಲೆ ಸಾಲಾಗಿ ಎಲ್ಲವೂ. ಜನ ಓಡಾಡಿ ಟರ್ಪಾಲು ಎಳೆಯುತ್ತಿದ್ದರು. ಮಳೆ ಬರುತ್ತದೆಂದು ಇಡೀ ಊರಿಗೆ ಗೊತ್ತಾಗಿತ್ತು. ಅದರ ಮೇಲೆ ಹಾರುತ್ತಿದ್ದ ನಾವು ಫೋಟೊ ತೆಗೆಯುತ್ತಿದ್ದೆವು.

"ಭಾವ, ಮಳೆ ಬರ್ತದೆ ಕಾಣ್ತದೆ. ಅಡಿಕೆ ಮುಚ್ಚುತ್ತಾ ಇದ್ದಾರೆ," ಎಂದೆ.

"ಹೌದಾ? ಹಾಗಾದ್ರೆ ಹೋಗುವ. ಇಲ್ಲಿಂದ ಮಂಗಳೂರಿಗೆ ಎಷ್ಟು ಹೊತ್ತು, ಚಾ ಕುಡಿಯುವಷ್ಟು."

ಆಗ ಮೋಡ ನಮ್ಮ ತಲೆಯ ಮೇಲೇ ಇಳಿದಿತ್ತು. ಸೂರ್ಯ ಎಲ್ಲಿದ್ದಾನೆಂದು ತಿಳಿಯುತ್ತಿರಲಿಲ್ಲ. ಸುತ್ತಿ ಸುತ್ತಿ ಯಾವ ಕಡೆ ಮುಖ ಮಾಡಿದ್ದೇವೆಂಬುದೂ ಕಲಸಿಹೋಗಿತ್ತು. ಭಾವ ದಿಕ್ಸೂಚಿ ನೋಡಿದರು. ಎದುರಿನ ಫಲಕದಲ್ಲಿ ದಿಕ್ಕು ತೋರಿಸುವ ಇನ್ನೊಂದು ಸಾಧನವಿರುತ್ತದೆ, ಅದನ್ನು ಆಗಾಗ ದಿಕ್ಸೂಚಿಗೆ ಹೊಂದಿಸಿಕೊಳ್ಳಬೇಕು. ಅದನ್ನೂ ಹೊಂದಿಸಿದರು. ಪಡುವಣಕ್ಕೆ ಎಂದು ಹೊರಟೆವು.

ಮಳೆಯ ಹನಿ ಗಾಜಿಗೆ ಹೊಡೆಯತೊಡಗಿತು. ಕೆಳಗೆ ಒಂದು ನದಿ ಬಂತು. ಬೇಸಗೆಯ ನದಿ, ಮರಳು, ಅಲ್ಲಲ್ಲಿ ನಿಂತ ನೀರಿನ ಹೊಂಡಗಳು. ಯಾವ ಕಡೆಗೆ ಹರಿಯುತ್ತದೆಂದು ಹೇಳುವಂತಿರಲಿಲ್ಲ. "ಅದಾ ನೇತ್ರಾವತಿ," ಎಂದರು ಭಾವ. ನನ್ನ ಅಜ್ಜಿಮನೆ ಕಡಬದ ಹತ್ತಿರ. ಸುಬ್ರಹ್ಮಣ್ಯದ ಬೆಟ್ಟದಿಂದ, ಅಂದರೆ ಮಂಗಳೂರಿಗೆ ತದ್ವಿರುದ್ಧ ದಿಕ್ಕಿನಿಂದ, ಹರಿದು ಬರುವ ಕುಮಾರಧಾರೆಯಲ್ಲಿ ಆಡಿ ಬೆಳೆದವಳು. ಆ ಬಂಡೆಗಳ ಗುಂಪು, ಆ ತಿರುವು ನನಗೆ ಪರಿಚಯದ್ದೆನಿಸಿತು. "ಇದು ಕುಮಾರಧಾರೆ ಅಲ್ವಾ?" ಎಂದು ನಾನು ಕೇಳಿದೆನೋ, ಕೇಳಬೇಕೆಂದು ಅಂದುಕೊಂಡೆನೋ, ಇವತ್ತಿಗೂ ನಿಶ್ಚಯವಿಲ್ಲ. ಆ ಸಂಜೆಯೇ ಬರೆದಿಟ್ಟದ್ದರಲ್ಲಿ ಕೇಳಿದೆ ಎಂದಿದೆ. ಬರೆದವಳೂ ನಾನೇ ಅಲ್ಲವೇ, ಅದನ್ನು ಎಷ್ಟು ನಂಬುವುದು?

ಮುಂದೆ ಬೂದಿ ಬಣ್ಣದ ಗೋಡೆಯಿತ್ತು. ಮಳೆಯ ತೆರೆ ಎಂದುಕೊಂಡೆವು. ಹತ್ತಿರವಾದಂತೆ ಅದರೊಳಗೆ ಹಸಿರು ಕಂಡಿತು. ಮೋಡದ ಒಳಗೆ ಮರಗಳು, ನಮ್ಮ ರೆಕ್ಕೆಗಿಂತ ಎತ್ತರದಲ್ಲಿ.

ಭಾವ ಕೂಗಿದರು, ಅದು ಮಾತಾಗಿರಲಿಲ್ಲ. ವಿಮಾನ ಪಕ್ಕಕ್ಕೆ ಮಗುಚಿದಂತಾಯಿತು. ಅಕ್ಕನಿಗೆಂದು ಕೊಂಡ ಮೈಸೂರುಪಾಕಿನ ಚೀಲಕ್ಕೇ ನಾನು ವಾಂತಿ ಮಾಡಿಕೊಂಡೆ. ತುಪ್ಪದ ವಾಸನೆ, ಹುಳಿ ವಾಸನೆ, ಪೂಜೆಯ ಹೂವಿನ ವಾಸನೆ ಎಲ್ಲ ಆ ಡಬ್ಬಿಯಂಥ ಜಾಗದಲ್ಲಿ ಕಲೆತುಹೋದವು. ತಲೆ ಎತ್ತಿದಾಗ ಬೆಟ್ಟ ಹಿಂದಾಗಿತ್ತು. ಬೋಗುಣಿಯಂಥ ಒಂದು ತೆರೆದ ಜಾಗದಲ್ಲಿ ಸುತ್ತುತ್ತಿದ್ದೆವು.

"ಅಣ್ಣಾ," ಎಂದರು ಸ್ನೇಹಿತರು, "ನಾವು ಎಲ್ಲಿದ್ದೇವೆ ಅಂತ ನನಗೆ ಗೊತ್ತಿಲ್ಲ. ಮಂಗಳೂರಿಗೆ ಕೇಳ್ತೇನೆ."

"ಬೇಡ ಮಾರಾಯ್ರೆ. ದಾರಿ ತಪ್ಪಿದ್ದು ಅಂತ ಗೊತ್ತಾದ್ರೆ ಲೈಸೆನ್ಸಿಗೆ ಬರ್ತದೆ. ಸ್ವಲ್ಪ ತಡೀರಿ, ಈಗ ಸಿಕ್ತದೆ."

"ಎಂತ ಸಿಕ್ಕುದು? ಇನ್ನೊಂದು ಗುಡ್ಡ ಸಿಕ್ಕುದು!"

ಅವರು ಭಾವನ ಮಾತನ್ನು ಮೀರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ರೇಡಿಯೊದಲ್ಲಿ ಕರೆದರು. ಎರಡು ಮೂರು ಸಲ ಕರೆದ ಮೇಲೆ ಮಂಗಳೂರಿನ ನಿಯಂತ್ರಣ ಕೊಠಡಿಯಿಂದ ಶಾಂತವಾದ ಒಂದು ಹೆಣ್ಣು ದನಿ ಉತ್ತರಿಸಿತು. ಯಾವ ಕಡೆ ಮುಖ ಮಾಡಿದ್ದೀರಿ ಎಂದು ಕೇಳಿತು. ಸ್ನೇಹಿತರು ದಿಕ್ಸೂಚಿ ನೋಡಿ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಆ ದನಿ, ನೀವು ಸುಬ್ರಹ್ಮಣ್ಯದ ಕಡೆ ಇದ್ದೀರಿ, ನೀವು ಹೇಳುತ್ತಿರುವುದಕ್ಕೂ ನಮಗೆ ಕಾಣುತ್ತಿರುವುದಕ್ಕೂ ಹೊಂದುವುದಿಲ್ಲ, ದಿಕ್ಸೂಚಿ ಇನ್ನೊಮ್ಮೆ ನೋಡಿ ಎಂದಿತು.

ಸ್ನೇಹಿತರು ನೋಡಿದರು. ಆಮೇಲೆ ಎರಡೂ ಕೈ ಚಾಚಿ, ಗಮ್‌ಟೇಪನ್ನು ಉಗುರಿನಿಂದ ಕಿತ್ತು, ಗಣಪತಿಯನ್ನು ಎತ್ತಿ ತೆಗೆದರು. ಜೇಬಿನಿಂದ ಕರವಸ್ತ್ರ ತೆಗೆದು ಸುತ್ತಿ ಹಿಂದಕ್ಕೆ, ನನ್ನ ಕೈಗೆ ಕೊಟ್ಟರು. ದಿಕ್ಸೂಚಿಯ ಬಿಲ್ಲೆ ಎಚ್ಚರವಾದಂತೆ ಹೊರಳಿತು. ಹೊರಳಿ, ತೂಗಾಡಿ, ಬೇರೆಯೇ ಒಂದು ಕಡೆ ನಿಂತಿತು.

ನನಗೆ ಸಂಶಯವಿಲ್ಲದ ಸಂಗತಿ ಇದು.

ಆ ದನಿ ಹೇಳಿದಂತೆ ತಿರುಗಿದೆವು, ಹೇಳಿದಷ್ಟು ಏರಿದೆವು, ಹೇಳಿದಲ್ಲಿ ಇಳಿದೆವು. ಭಾವ ವಿಮಾನದಿಂದ ಇಳಿದವರೇ ಫೋನು ಕಿವಿಗಿಟ್ಟುಕೊಂಡು ದೂರ ಹೋದರು. ಸ್ನೇಹಿತರು ಒಂದು ಕಂಬಕ್ಕೆ ಒರಗಿ ನಿಂತಿದ್ದರು. ನನ್ನ ಕೈಯಲ್ಲಿ ವಾಂತಿಯ ಚೀಲವೂ ಕರವಸ್ತ್ರದ ಗಂಟೂ ಇದ್ದವು.

"ನಿಮಗೆ ಬೆಳಿಗ್ಗೆಯೇ ಗೊತ್ತಿತ್ತಾ?" ಎಂದು ಕೇಳಿದೆ.

ಅವರು ಮುಖ ತಿರುಗಿಸಲಿಲ್ಲ. "ಅಂಟಿಸುವಾಗ ನೋಡಿದೆ. ಅಯಸ್ಕಾಂತ ಅಲ್ವಾ ಅಂತ ಬಾಯಿಗೆ ಬಂತು. ಹೇಗೆ ಹೇಳುದು? ಪೂಜೆ ಆಗಿದೆ, ಭಟ್ರು ಇದ್ದಾರೆ, ಅಷ್ಟು ಜನ ನಿಂತು ವಿಡಿಯೋ ಮಾಡ್ತಾ ಇದ್ದಾರೆ. ನಾನು ಹೋಗಿ ನಿಮ್ಮ ದೇವರನ್ನು ಅಲ್ಲಿಂದ ತೆಗೀರಿ ಅಂತ ಹೇಳುದಾ? ಈ ಕಾಲದಲ್ಲಿ?" ಆಮೇಲೆ, "ಟ್ಯಾಬು ಉಂಟಲ್ಲ, ನಡೀತದೆ ಅಂತ ಮಾಡಿದೆ," ಎಂದರು.

ಅವರ ಮೇಲೆ ಸಿಟ್ಟು ಮಾಡಲು ನೋಡಿದೆ. ಮೂರು ಜೀವ ಹೋಗಬಹುದಿತ್ತು ಎಂದುಕೊಂಡೆ. ಆದರೆ ಅವರ ಹೆದರಿಕೆ ಸುಳ್ಳಲ್ಲವೆಂದು ನನಗೂ ಗೊತ್ತಿತ್ತು. ಅವರು ಗುಡ್ಡಕ್ಕಿಂತ ಹೆಚ್ಚು ನಮಗೆ ಹೆದರಿದ್ದರು.

ಬೆಳ್ಳಾರೆಗೆ ಕಾರಿನಲ್ಲಿ ಮುಟ್ಟುವಷ್ಟರಲ್ಲಿ ಕತೆ ಸಿದ್ಧವಾಗಿತ್ತು. ಅಕ್ಕ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಭಾವ ನನ್ನ ಕೈಯಿಂದ ಗಂಟು ತೆಗೆದುಕೊಂಡು ಬಿಚ್ಚಿ ಗಣಪತಿಯನ್ನು ಎತ್ತಿ ತೋರಿಸಿದರು. "ಇವನೇ ಕಾಪಾಡಿದ್ದು. ಸುಬ್ರಹ್ಮಣ್ಯಕ್ಕೆ ಒಂದು ಪ್ರದಕ್ಷಿಣೆ ಹಾಕುವ ಅಂತ ಹೋದದ್ದು, ಮಳೆ ಹಿಡಿದುಬಿಟ್ಟಿತು. ಮುಂದೆ ಎಂತದೂ ಕಾಣುದಿಲ್ಲ. ಇವನ ಮುಖ ನೋಡಿಕೊಂಡೇ ಬಂದೆ."

ಹೌದು, ಅವನ ಮುಖ ನೋಡಿಕೊಂಡೇ ಹೋದದ್ದು ಗುಡ್ಡಕ್ಕೆ.

"ಅಬ್ಬ, ಹೆದರಿಕೆ ಆಗ್ಲಿಲ್ವಾ ಮಾರಾಯಾ?" ಎಂದರು ಭಾವನ ದೊಡ್ಡಮ್ಮ.

"ನನಗೆ ಎಂತ ಹೆದರಿಕೆ? ಸಾಯ್ಬ್ರು ಸ್ವಲ್ಪ ಹೆದರಿದ್ರು, ಅಲ್ವಾ ಸಾಯ್ಬ್ರೆ? ಮಂಗಳೂರಿಗೆಲ್ಲ ಫೋನು!"

ಎಲ್ಲರೂ ನಕ್ಕರು. ಸ್ನೇಹಿತರೂ ನಕ್ಕರು. "ಹೌದು ಹೌದು, ನಾನು ಸ್ವಲ್ಪ ಪುಕ್ಕಲ," ಎಂದರು. ಊಟಕ್ಕೆ ಕುಳಿತಾಗ ಅವರಿಗೆ ಎಲ್ಲರಿಗಿಂತ ಹೆಚ್ಚು ಪಾಯಸ ಬಡಿಸಿದರು. ನಾನು ಎಲೆ ಮುಟ್ಟಲಾಗದೆ ಎದ್ದು ಹೋದೆ.

ಕೈತೊಳೆಯುವಾಗಲೇ ಭಾವ ಸಾರಿದರು: ಮಳೆಗಾಲ ಹಿಡಿಯುವ ಮೊದಲು ಅಕ್ಕನನ್ನೂ ಮಗಳನ್ನೂ ಕೂರಿಸಿಕೊಂಡು ಸರಿಯಾಗಿ ಒಂದು ಪ್ರದಕ್ಷಿಣೆ ಹಾಕಿಸುತ್ತೇನೆ. ಕಾಲೇಜಿಗೆ ಹೋಗುವ ಮಗಳು ಕುಣಿದಾಡಿದಳು. ಅಕ್ಕ ಕೈಮುಗಿದಳು. ಗಣಪತಿ ಅದೇ ಜಾಗದಲ್ಲಿ ಇರುತ್ತಾನೆ ಎಂದರು ಭಾವ.

ಅಲ್ಲೇ, ಎಲ್ಲರೆದುರು ಹೇಳಿಬಿಡಬಹುದಿತ್ತು. ಹೇಳಿದ್ದರೆ, ವಿಗ್ರಹವನ್ನು ಕಿತ್ತು ತೆಗೆದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಉತ್ತರ ಸಂಜೆಯೊಳಗೆ ಪುತ್ತೂರಿನ ವಾಟ್ಸಾಪ್ ಗುಂಪುಗಳಲ್ಲಿ ತಲೆ ಬಾಲ ಕಳೆದುಕೊಂಡು ಓಡುತ್ತಿತ್ತು. ದಿಕ್ಸೂಚಿ, ಅಯಸ್ಕಾಂತ ಯಾರಿಗೂ ಬೇಕಾಗುತ್ತಿರಲಿಲ್ಲ. ಗಣಪತಿಯನ್ನು ಕಿತ್ತವರ ಹೆಸರು, ಅವರ ಟೈಲ್ಸ್ ಅಂಗಡಿ ಎಲ್ಲಿದೆ, ಇಷ್ಟೇ ಸಾಕಾಗುತ್ತಿತ್ತು. ನಮ್ಮ ಜೀವ ಉಳಿಸಿದ ಕೈಗಳನ್ನು ನಾನು ಹಿಡಿದುಕೊಟ್ಟಂತಾಗುತ್ತಿತ್ತು.

ಹಾಗಾಗಿ ಅಕ್ಕನೊಬ್ಬಳಿಗೇ, ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡು, "ನಿನಗೆ ಹೆದರಿಕೆಯಲ್ಲಿ ಹಾಗೆ ಕಂಡದ್ದಿರ್ಬೇಕು," ಎಂದಳು. "ನೀನೇ ಯಾವಾಗ್ಲೂ ಹೇಳ್ತಿಯಲ್ಲ, ನೆನಪನ್ನು ನಂಬ್ಲಿಕ್ಕಾಗುದಿಲ್ಲ ಅಂತ."

ನನ್ನ ವಿದ್ಯೆ ನನಗೆ ತಿರುಗಿ ಬಂತು. ಯಾವುದೂ ನಿಶ್ಚಯವಲ್ಲ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವಳು, ಇದೊಂದು ನಿಶ್ಚಯ ಎಂದರೆ ಯಾರು ಕೇಳುತ್ತಾರೆ?

ದೇವರಕೋಣೆಗೆ ಹೋಗಿ ಗಣಪತಿಯನ್ನು ತಂದೆ. ಫೋನಿನಲ್ಲಿ ದಿಕ್ಸೂಚಿ ತೆರೆದು ಜಗಲಿಯ ಮೇಲಿಟ್ಟೆ. ಮುಳ್ಳು ಒಂದು ಕಡೆ ನಿಂತಿತು. ಗಣಪತಿಯನ್ನು ಹತ್ತಿರ ತಂದೆ. ಮುಳ್ಳು ಹುಚ್ಚು ಹಿಡಿದಂತೆ ತಿರುಗಿತು. ದೂರ ಒಯ್ದೆ, ಮತ್ತೆ ಮೊದಲಿನ ಕಡೆಗೆ ಬಂತು. ಅಕ್ಕ ಫೋನನ್ನು ಕೈಗೆತ್ತಿಕೊಂಡು ತಾನೇ ಇನ್ನೊಮ್ಮೆ ಮಾಡಿ ನೋಡಿದಳು.

"ಸುಬ್ರಹ್ಮಣ್ಯಕ್ಕೆ ಹೋಗುವ ಯೋಚನೆಯೇ ಇರ್ಲಿಲ್ವಾ ಹಾಗಾದ್ರೆ?"

"ಇಲ್ಲ. ಮಂಗಳೂರು ಅಂತ ಹೋದದ್ದು."

"ಇದನ್ನು ತೆಗೆದದ್ದು ಯಾರು?"

ಹೇಳಿದೆ. ಅಕ್ಕ ಕೂಡಲೇ ಬಾಗಿಲಿನತ್ತ ನೋಡಿದಳು. "ಇದು ಹೊರಗೆ ಹೋಗ್ಬಾರ್ದು," ಎಂದಳು. ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ ಅವಳಿಗೆ. ನನಗೂ ಬೇಕಾಗಿರಲಿಲ್ಲ. ನಾವಿಬ್ಬರೂ ಹೀಗೆ ಮುಚ್ಚಿಡುವುದರಲ್ಲಿ ಇಷ್ಟು ಪಳಗಿದವರು ಎಂದು ತಿಳಿದದ್ದು ಆ ದಿನದ ಉಳಿದೆಲ್ಲದಕ್ಕಿಂತ ಹೆಚ್ಚು ಅಸಹ್ಯವಾಗಿತ್ತು.

ಮರುದಿನ ಬೆಳಿಗ್ಗೆ ನೀರುದೋಸೆ ತಿನ್ನುವಾಗ ಅಕ್ಕ ಎಲ್ಲರೆದುರು ಹೇಳಿದಳು: "ನಾನು ವಿಮಾನಕ್ಕೆ ಬರುದಿಲ್ಲ. ನನಗೂ ಇವಳ ಹಾಗೆ ವಾಂತಿ ಆದೀತು. ಮಗಳೂ ಬೇಡ, ಅವಳಿಗೆ ಕಾರಿನಲ್ಲೇ ಆಗುದಿಲ್ಲ."

"ಎಂತ ಮಾರಾಯ್ತಿ, ನೀನು ತಂಗಿಯ ಹಾಗೆ ಆಗ್ಬೇಡ!" ಎಂದು ಭಾವ ನಕ್ಕರು. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಮೈಸೂರುಪಾಕಿನ ವಿಷಯ ಮತ್ತೊಮ್ಮೆ ಬಂತು. ಅಕ್ಕ ನಗುನಗುತ್ತಲೇ ಇನ್ನೊಂದು ಮಾತು ಸೇರಿಸಿದಳು: ಜೀವ ಉಳಿಸಿದ ಗಣಪತಿಯನ್ನು ಇನ್ನು ಹಾಗೆಲ್ಲ ಹೊರಗೆ ಒಯ್ಯಬಾರದು, ಅವನಿಗೆ ಮನೆಯಲ್ಲೇ ದಿನಾ ಪೂಜೆ ಆಗಬೇಕು. ಬದಲಿಗೆ ಕಾಗದದ ಒಂದು ಫೋಟೊ ಕೊಟ್ಟಳು. ಭಾವನಿಗೆ ಅದು ಸರಿಯೆನಿಸಿತು. ಒಂದು ಸತ್ಯವನ್ನೂ ಆಡದೆ ಅವಳು ಮಾಡಬೇಕಾದ್ದನ್ನೆಲ್ಲ ಮಾಡಿದಳು. ನನಗೆ ಬೇಕಾದ್ದು ಸಿಕ್ಕಿತು. ಸಿಕ್ಕಿದ ರೀತಿಗೆ ಮೈ ತೊಳೆದುಕೊಳ್ಳಬೇಕೆನಿಸಿತು.

ಖಾಲಿಯಾದ ಎರಡು ಸೀಟಿಗೆ ದೋಸೆ ಮುಗಿಯುವುದರೊಳಗೆ ಜನ ಸಿಕ್ಕಿದರು. ಭಾವನ ಇಬ್ಬರು ಚಿಕ್ಕಪ್ಪಂದಿರು. ಅವರನ್ನು ಪಕ್ಕಕ್ಕೆ ಕರೆದು, ಮೋಡ ಕಂಡರೆ ಹತ್ತಬೇಡಿ, ಇವರಿಗೆ ಇನ್ನೂ ಅಭ್ಯಾಸ ಸಾಲದು ಎಂದು ಇಷ್ಟಾದರೂ ಹೇಳಿದೆ. "ನೀನು ಹೆದರಿದ್ದಿ, ನಮ್ಮನ್ನೂ ಹೆದರಿಸ್ಬೇಡ ಮಗಾ," ಎಂದರು. ಒಂದು ನಿರ್ಮಲವಾದ ಬೆಳಿಗ್ಗೆ ಅವರು ಹೋದರು. ಪ್ರದಕ್ಷಿಣೆಯನ್ನೂ ಹಾಕಿದರು. ಗೋಪುರದ ಫೋಟೊ ಸೊಗಸಾಗಿ ಬಂದಿದೆ. ಸ್ನೇಹಿತರು ಆ ದಿನ ಅಂಗಡಿಯಲ್ಲಿ ಕೆಲಸವಿದೆಯೆಂದು ಹೋಗಿರಲಿಲ್ಲ. ಆಮೇಲೆ ಅವರು ಹಾರಿಸಿದ್ದನ್ನು ನಾನು ಕೇಳಿಲ್ಲ. ಭಾವ ಹಾರಿಸುತ್ತಲೇ ಇದ್ದಾರೆ.

ಫೋಟೊಗಳು ಬಂದ ದಿನ ನಾನು ಅಕ್ಕನ ಮನೆಯಲ್ಲಿದ್ದೆ. ಮಗಳು ಊಟ ಮಾಡುತ್ತಾ ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು.

"ನೋಡಿ ಚಿಕ್ಕಮ್ಮ. ಅವರಿಗೆ ಎಂತ ಆಯ್ತು? ಏನೂ ಆಗ್ಲಿಲ್ಲ. ನಿಮ್ಮಿಂದಾಗಿ ನನಗೆ ಹೋಗ್ಲಿಕ್ಕಾಗ್ಲಿಲ್ಲ."

"ಹೌದು, ಏನೂ ಆಗಲಿಲ್ಲ," ಎಂದೆ.

"ಅಮ್ಮನ ತಲೆಗೆ ನೀವು ಎಂತ ತುಂಬಿಸಿದ್ದು ಅಂತ ನನಗೆ ಗೊತ್ತಿಲ್ವಾ? ಛೀ."

ಅಕ್ಕ ತಲೆಯೆತ್ತದೆ ಸಾರು ಬಡಿಸುತ್ತಿದ್ದಳು. ಹುಡುಗಿ ತಟ್ಟೆ ಎತ್ತಿಕೊಂಡು, ಕುರ್ಚಿಯನ್ನು ಕಾಲಿನಿಂದ ತಳ್ಳಿ, ದಡದಡ ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದಳು. ಬಾಗಿಲು ಬಡಿದುಕೊಂಡಿತು. ನನ್ನೊಡನೆ ಅವಳು ಇನ್ನೂ ಮಾತಾಡುತ್ತಿಲ್ಲ.